ಅಪ್ಪ-ಅವ್ವನನ್ನು ಕಲಬುರಗಿಯಿಂದ ಲೇಹ್‌ಗೆ, ಅಲ್ಲಿಂದ ಹಾನ್ಲೆಗೆ ಕರೆದುಕೊಂಡು ಹೋಗಬೇಕು. ವಿಮಾನ ಹೇಗೆ ಹೊಂದಿಸಲಿ?

ತೊಗರಿನಾಡು (ಕಲಬುರಗಿ), ಮೇ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಈಗ 66 ವರ್ಷ. ಬಿಪಿ ಮಾತ್ರೆ ತಗೋತಾರೆ, ಬೇರೆ ತೊಂದರೆ ಇಲ್ಲ. ಅವ್ವನಿಗೆ 60. ಇಬ್ಬರೂ ಇಲ್ಲಿವರೆಗೆ ವಿಮಾನ ಹತ್ತಿಲ್ಲ.

ಅಪ್ಪನಿಗೆ ಇರೋದು ಒಂದೇ ಆಸೆ. ಲಡಾಖ್‌ನ ಹಾನ್ಲೆಯಲ್ಲಿ ನಿಂತು ಒಂದು ರಾತ್ರಿ ಆಕಾಶ ನೋಡಬೇಕು. ನಾವು ಚಿಕ್ಕವರಿದ್ದಾಗ ಇಲ್ಲಿನ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಕ್ಷತ್ರಗಳ ಬಗ್ಗೆ ಹೇಳ್ತಾ ಇದ್ದರು. ಹಾನ್ಲೆಯ ದೊಡ್ಡ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ ಅನ್ನೋದನ್ನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು ಅದು. ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ. 4,500 ಮೀಟರ್ ಎತ್ತರದ ಗುಡ್ಡದ ಮೇಲಿದೆ.

ಸೆಪ್ಟೆಂಬರ್‌ನಲ್ಲಿ ಹೋಗೋಣ ಅಂತ ಅಂದುಕೊಂಡಿದ್ದೇವೆ. ನನಗೆ ಒಟ್ಟು ಆರು ದಿನ ರಜೆ ಸಿಗುತ್ತದೆ. ಹೈದರಾಬಾದ್‌ನಿಂದ ದಿಲ್ಲಿ, ಅದೇ ದಿನ ಲೇಹ್, ಮರುದಿನ ಬೆಳಿಗ್ಗೆ ಕಾರಿನಲ್ಲಿ ಹಾನ್ಲೆ, ಹೀಗೆ ಒಂದು ಲೆಕ್ಕ ಹಾಕಿದ್ದೇನೆ. ಇದು ಸರಿನಾ? ನಮ್ಮ ಊರಿನ ವಿಮಾನ ನಿಲ್ದಾಣದಿಂದ ಏನಾದರೂ ಆಗುತ್ತಾ?

ಬಿದರಿ (ಬೀದರ್)

ಅಕ್ಕಾ, ಮೊದಲು ಆ ಆರು ದಿನದ ಲೆಕ್ಕ ಬದಿಗಿಡಿ. ನಾನು ಎರಡು ಸಲ ಲೇಹ್‌ಗೆ ಹೋಗಿ ಬಂದಿದ್ದೇನೆ. ಆ ಕಡೆ ಹೋಗುವಾಗ ಟಿಕೆಟ್ ಆಮೇಲೆ, ದಿನಗಳು ಮೊದಲು. ಕೈಯಲ್ಲಿ ಹತ್ತು ದಿನ ಇಲ್ಲ ಅಂದರೆ ಹಾನ್ಲೆ ಬೇಡ, ಲೇಹ್ ಒಂದನ್ನೇ ನೋಡಿ ಬನ್ನಿ.

ಊರಿನ ವಿಮಾನದ ಬಗ್ಗೆ. ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ನಮ್ಮ ಬೀದರ್‌ನಲ್ಲಿ 2020ರ ಫೆಬ್ರವರಿಯಲ್ಲಿ ಹಾರಾಟ ಶುರುವಾಗಿ, ನಡುವೆ ನಿಂತು, 2025ರಲ್ಲಿ ಮತ್ತೆ ಶುರುವಾಯಿತು. ಈ ಭಾಗದ ವಿಮಾನ ಒಂದು ಸೀಸನ್ ಇರುತ್ತದೆ, ಇನ್ನೊಂದು ಸೀಸನ್ ಇರುವುದಿಲ್ಲ. ನಾಲ್ಕು ತಿಂಗಳ ಮುಂಚೆ ಅದನ್ನು ನಂಬಿ ಮುಂದಿನ ಟಿಕೆಟ್ ಮಾಡಬೇಡಿ. ಆ ವಾರ ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಹೈದರಾಬಾದ್‌ನ ಶಂಷಾಬಾದ್ ನಿಲ್ದಾಣವೇ ಗತಿ.

ಶಂಷಾಬಾದ್‌ಗೆ ಹೋಗಲು ಹುಮನಾಬಾದ್, ಜಹೀರಾಬಾದ್ ದಾರಿ ಹಿಡಿಯಿರಿ. ಹೈದರಾಬಾದ್ ಊರೊಳಗೆ ಹೋಗೋದೇ ಬೇಡ. ಪಟಾನ್‌ಚೆರು ಹತ್ತಿರ ಹೊರ ವರ್ತುಲ ರಸ್ತೆ ಸಿಗುತ್ತದೆ, ಅದು ಸೀದಾ ನಿಲ್ದಾಣದ ಕಡೆ ಒಯ್ಯುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಸಿಕಂದರಾಬಾದ್ ಸ್ಟೇಷನ್‌ನಲ್ಲಿ ಇಳಿದು, ಬ್ಯಾಗ್ ಎಳೆದುಕೊಂಡು, ಮತ್ತೆ ಬಸ್ ಹುಡುಕೋದು ಸುಮ್ನೆ ದಣಿವು.

ಶಹಾಬಾದ್ ಕಲ್ಲು (ಕಲಬುರಗಿ)

ನನಗಾದದ್ದು ಹೇಳ್ತೀನಿ, ನಿಮಗೆ ಆಗಬಾರದು ಅಂತ.

ಮೂರು ವರ್ಷದ ಹಿಂದೆ ಹೈದರಾಬಾದ್‌ನಿಂದ ದಿಲ್ಲಿಗೆ ಒಂದು ಕಂಪನಿಯಲ್ಲಿ, ದಿಲ್ಲಿಯಿಂದ ಲೇಹ್‌ಗೆ ಇನ್ನೊಂದು ಕಂಪನಿಯಲ್ಲಿ ಟಿಕೆಟ್ ಮಾಡಿದ್ದೆ. ರಾತ್ರಿ ಕೊನೆಯ ವಿಮಾನದಲ್ಲಿ ದಿಲ್ಲಿಗೆ ಹೋಗಿ, ನಿಲ್ದಾಣದಲ್ಲೇ ಕೂತು, ಬೆಳಗಿನ ಜಾವ ಲೇಹ್ ವಿಮಾನ ಹಿಡಿಯೋಣ ಅಂತ. ಲಾಡ್ಜ್ ಖರ್ಚು ಉಳಿಯುತ್ತದೆ ಅಂದುಕೊಂಡೆ. ಮೊದಲನೇ ವಿಮಾನ ನಾಲ್ಕು ಗಂಟೆ ತಡವಾಯಿತು. ದಿಲ್ಲಿಯಲ್ಲಿ ಇಳಿದು, ಬೆಲ್ಟ್ ಹತ್ತಿರ ಬ್ಯಾಗಿಗೆ ಕಾದು, ಇನ್ನೊಂದು ಟರ್ಮಿನಲ್‌ಗೆ ಹೋಗುವಷ್ಟರಲ್ಲಿ ಲೇಹ್ ವಿಮಾನದ ಕೌಂಟರ್ ಮುಚ್ಚಿತ್ತು. ಎರಡು ಬೇರೆ ಬೇರೆ ಪಿಎನ್ಆರ್ ಆದ್ದರಿಂದ ಎರಡನೇ ಕಂಪನಿಯವರಿಗೆ ನಾನು ಬರೀ ಬಾರದೆ ಉಳಿದ ಪ್ರಯಾಣಿಕ. ದುಡ್ಡು ಹೋಯಿತು. ಮರುದಿನದ ಟಿಕೆಟ್ ಮೂರು ಪಟ್ಟು ಆಗಿತ್ತು.

ಹೆಂಡತಿ ಕುರ್ಚಿಯ ಮೇಲೆ ಬ್ಯಾಗ್ ತಬ್ಬಿಕೊಂಡು ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ಕಣ್ಣಮುಂದೆ ಇದೆ.

ಹಾಗಾಗಿ ಒಂದೇ ಪಿಎನ್ಆರ್ ಮಾಡಿ. ಬ್ಯಾಗ್ ಸೀದಾ ಲೇಹ್‌ಗೆ ಹೋಗುತ್ತದಾ ಅಂತ ಹೈದರಾಬಾದ್ ಕೌಂಟರ್‌ನಲ್ಲಿ ಕೇಳಿ, ಬ್ಯಾಗಿನ ಚೀಟಿಯಲ್ಲಿ ಕೊನೆಯ ಊರು ಯಾವುದು ಅಂತ ನೀವೇ ಓದಿ. ಬೇರೆ ಬೇರೆ ಟಿಕೆಟ್ ಮಾಡಲೇಬೇಕು ಅಂದರೆ ನಡುವೆ ದಿಲ್ಲಿಯಲ್ಲಿ ಒಂದು ಪೂರ್ತಿ ರಾತ್ರಿ ಇರಲಿ.

ಬಿದರಿ (ಬೀದರ್)

ಕಲ್ಲು ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇವರ ಅಪ್ಪ-ಅವ್ವನಿಗಂತೂ ದಿಲ್ಲಿಯಲ್ಲಿ ರಾತ್ರಿ ನಿಲ್ಲಿ ಅಂತಲೇ ಹೇಳ್ತೀನಿ. ಲೇಹ್ ವಿಮಾನಗಳು ಬೆಳಿಗ್ಗೆಯೇ ಜಾಸ್ತಿ. ಯಾಕೆ ಅಂದರೆ ಮಧ್ಯಾಹ್ನದ ಮೇಲೆ ಆ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ. ನಿದ್ದೆಗೆಟ್ಟು, ಹೊಟ್ಟೆ ಖಾಲಿ ಇಟ್ಟುಕೊಂಡು ಆ ಎತ್ತರಕ್ಕೆ ಹೋಗಿ ಇಳಿಯೋದು ಒಳ್ಳೆಯದಲ್ಲ. ಮಹಿಪಾಲ್‌ಪುರದಲ್ಲಿ ನಿಲ್ದಾಣದ ಹತ್ತಿರವೇ ರೂಮುಗಳು ಸಿಗುತ್ತವೆ. ಯಾವ ಟರ್ಮಿನಲ್ ಅಂತ ಟಿಕೆಟ್‌ನಲ್ಲಿ ನೋಡಿಕೊಳ್ಳಿ, ದಿಲ್ಲಿಯಲ್ಲಿ ಮೂರಿವೆ.

ಇನ್ನೊಂದು ಮಾತು. ಲೇಹ್ ನಿಲ್ದಾಣ ನಮ್ಮ ಬೀದರ್‌ನದರ ಹಾಗೇ, ವಾಯುಪಡೆಯದು. ಬೀದರ್‌ನವರಿಗೆ ಇದು ಗೊತ್ತು, ಸೂರ್ಯಕಿರಣ ವಿಮಾನಗಳು ತಲೆ ಮೇಲೆ ಹಾರೋದನ್ನು ನೋಡುತ್ತಲೇ ಬೆಳೆದವರು ನಾವು. ಅಲ್ಲಿ ಇಳಿದ ಕೂಡಲೇ ಖುಷಿಗೆ ಫೋನ್ ತೆಗೆದು ಫೋಟೋ ಹೊಡೆಯಬೇಡಿ ಅಂತ ಅಪ್ಪನಿಗೆ ಮೊದಲೇ ಹೇಳಿಡಿ.

ಭೀಮಾತೀರ (ಯಾದಗಿರಿ)

ನಾನು ನರ್ಸ್. ಇಲ್ಲಿ ಎಲ್ಲರೂ ಟಿಕೆಟ್ ಬಗ್ಗೆ ಹೇಳಿದ್ದೀರಿ, ನಾನು ಮೈ ಬಗ್ಗೆ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ದಿಲ್ಲಿ ಇನ್ನೂ ಕೆಳಗಿದೆ. ಲೇಹ್ ನಿಲ್ದಾಣ 3,256 ಮೀಟರ್, ಲೇಹ್ ಊರು ಸುಮಾರು 3,500. ದಿಲ್ಲಿಯಿಂದ ಒಂದೂಕಾಲು ಗಂಟೆಯಲ್ಲಿ ವಿಮಾನ ನಿಮ್ಮನ್ನು ಅಲ್ಲಿ ಇಳಿಸಿಬಿಡುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗ ಮಾತ್ರ. ಮೈಗೆ ಅದು ಗೊತ್ತಾಗಿ, ಹೊಂದಿಕೊಳ್ಳಲು ದಿನಗಳು ಬೇಕು. ಇಳಿದ ದಿನ ಎಲ್ಲರೂ ಚೆನ್ನಾಗೇ ಇರುತ್ತಾರೆ. ಅದೇ ಮೋಸ. ತಲೆನೋವು, ವಾಂತಿ ಬಂದ ಹಾಗೆ ಆಗೋದು, ಊಟ ಸೇರದಿರೋದು, ನಿದ್ದೆ ಬಾರದಿರೋದು, ಇದೆಲ್ಲ ಆ ರಾತ್ರಿಯೋ ಮರುದಿನವೋ ಶುರುವಾಗುತ್ತದೆ.

ಹಾಗಾಗಿ ಮೊದಲ ಎರಡು ದಿನ ಏನೂ ಮಾಡಬೇಡಿ. ನಿಜವಾಗಲೂ ಏನೂ ಬೇಡ. ರೂಮು, ಊಟ, ನೀರು, ಅಂಗಳದಲ್ಲಿ ನಾಲ್ಕು ಹೆಜ್ಜೆ. ಮೆಟ್ಟಿಲು ಹತ್ತಿ ಅರಮನೆ ನೋಡೋದು ಮೂರನೇ ದಿನಕ್ಕಿರಲಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅಂತ ವೈದ್ಯರು ಹೇಳ್ತಾರೆ. ನಿಮ್ಮ ಲೆಕ್ಕದಲ್ಲಿ ಎರಡನೇ ರಾತ್ರಿಗೇ ಹಾನ್ಲೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ.

ಟಿಕೆಟ್ ಮಾಡುವ ಮುಂಚೆಯೇ ಅಪ್ಪನನ್ನು ಫಿಜಿಶಿಯನ್ ಹತ್ತಿರ ಕರೆದುಕೊಂಡು ಹೋಗಿ. ಇಸಿಜಿ, ಬಿಪಿ ಎಲ್ಲ ನೋಡಿಸಿ. "ಲೇಹ್‌ಗೆ ವಿಮಾನದಲ್ಲಿ ಹೋಗ್ತೀವಿ, ಅಲ್ಲಿಂದ 4,300 ಮೀಟರ್‌ನಲ್ಲಿ ಮಲಗ್ತೀವಿ" ಅಂತ ಬಿಡಿಸಿ ಹೇಳಿ. ಸುಮ್ನೆ "ಟೂರ್ ಹೋಗ್ತೀವಿ" ಅಂದರೆ ಅವರಿಗೆ ಗೊತ್ತಾಗೋದಿಲ್ಲ. ಎತ್ತರದ ಕಾಯಿಲೆ ಬಾರದಿರಲು ಕೊಡುವ ಡೈಮಾಕ್ಸ್ ಮಾತ್ರೆ ಬೇಕಾ, ಎಷ್ಟು, ಯಾವಾಗಿಂದ ಅಂತ ಅವರೇ ಹೇಳಲಿ. ಸಲ್ಫಾ ಔಷಧ ಆಗದವರಾದರೆ ಅದನ್ನೂ ಹೇಳಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ಳಬೇಡಿ. ಬಿಪಿ ಮಾತ್ರೆ ಕೈಬ್ಯಾಗಿನಲ್ಲೇ ಇರಲಿ.

ಕೊರೊನಾ ಸಮಯದಲ್ಲಿ ತಂದ ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿ ಇರಬಹುದು, ಸೆಲ್ ಬದಲಿಸಿ ಒಯ್ಯಿರಿ. ಲೇಹ್‌ನಲ್ಲಿ 90ಕ್ಕಿಂತ ಕಡಿಮೆ ತೋರಿಸಿದರೂ ಬರೀ ಅದನ್ನೇ ನೋಡಿ ಗಾಬರಿಯಾಗಬೇಡಿ. ಮನುಷ್ಯನನ್ನು ನೋಡಿ. ಸುಮ್ನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಟ, ಮಾತು ತಡವರಿಸೋದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಕೆಳಗಿಳಿಯಬೇಕು. ಲೇಹ್‌ನಲ್ಲಿ ಸೋನಂ ನೋರ್ಬು ಸ್ಮಾರಕ ಆಸ್ಪತ್ರೆ ಇದೆ, ಇಂಥವರನ್ನು ದಿನಾ ನೋಡುವವರು ಅವರು.

ತೊಗರಿನಾಡು (ಕಲಬುರಗಿ)

ಭೀಮಾತೀರ ಅಕ್ಕಾ, ನಿಮ್ಮ ಪೋಸ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಇವರು ಹೇಳೋದು ಸರಿ, ನಾನು ಮಕ್ಕಳಿಗೆ ವಾಯುಭಾರದ ಪಾಠ ಮಾಡಿದವನು, ನನಗೇ ಹೊಳೀಲಿಲ್ಲ" ಅಂದರು. ಆಫೀಸಿನಲ್ಲಿ ಮಾತಾಡಿದ್ದೇನೆ. ಹನ್ನೊಂದು ದಿನ ರಜೆ ಕೊಟ್ಟಿದ್ದಾರೆ. ಡಾಕ್ಟರ್ ಹತ್ತಿರ ಸೋಮವಾರ ಹೋಗ್ತೀವಿ.

ಇನ್ನೊಂದು ತೊಡಕು. ನಕ್ಷತ್ರ ನೋಡಲು ಅಮಾವಾಸ್ಯೆ ಬೇಕು ಅಂತ ಅಪ್ಪ. ಅಮಾವಾಸ್ಯೆಗೆ ಮನೆ ಬಿಟ್ಟು ಹೊರಡಬಾರದು ಅಂತ ಅವ್ವ. ಎರಡು ದಿನದಿಂದ ಇದೇ ನಡೆದಿದೆ.

ಗಡಿಕಾವಲು (ಔರಾದ್, ಬೀದರ್ ಜಿಲ್ಲೆ)

ತಂಗಿ, ಸೇನೆಯಲ್ಲಿದ್ದಾಗ ಲಡಾಖ್‌ನಲ್ಲಿ ಎರಡು ವರ್ಷ ಕಳೆದವನು ನಾನು. ಅವ್ವನವರಿಗೆ ಹೇಳಿ: ಅಮಾವಾಸ್ಯೆಗಿಂತ ಏಳು ದಿನ ಮುಂಚೆ ಮನೆಯಿಂದ ಹೊರಡಿ. ಅಮಾವಾಸ್ಯೆ ದಿನ ನೀವು ಎಲ್ಲಿಗೂ ಹೊರಡೋದಿಲ್ಲ, ಹಾನ್ಲೆಯಲ್ಲೇ ಇರ್ತೀರಿ. ಇಬ್ಬರ ಮಾತೂ ಉಳಿಯುತ್ತದೆ.

ಮೈ ಹೊಂದಿಸಿಕೊಳ್ಳೋದನ್ನು ನಮಗೂ ಕಡ್ಡಾಯವಾಗಿ ಮಾಡಿಸ್ತಾ ಇದ್ದರು. 22 ವರ್ಷದ ಗಟ್ಟಿಮುಟ್ಟಾದ ಹುಡುಗರಿಗೂ ಬಿಡ್ತಾ ಇರಲಿಲ್ಲ. ನಮ್ಮ ಜೊತೆ ಒಬ್ಬ ಕುಸ್ತಿ ಪೈಲ್ವಾನ ಇದ್ದ. ಎರಡನೇ ರಾತ್ರಿ ಅವನೇ ಮೊದಲು ಮಲಗಿದ್ದು. ಗಟ್ಟಿ ಇದ್ದೀನಿ ಅನ್ನೋದು ಅಲ್ಲಿ ನಡೆಯೋದಿಲ್ಲ.

ಹೀಗೆ ಮಾಡಿ. ಲೇಹ್‌ನಲ್ಲಿ ಮೂರು ರಾತ್ರಿ. ಮೂರನೇ ದಿನ ಕಾರಿನಲ್ಲಿ ಆಲ್ಚಿ ಕಡೆ ಹೋಗಿ ಬನ್ನಿ. ಅದು ಲೇಹ್‌ಗಿಂತ ಸ್ವಲ್ಪ ತಗ್ಗಿನಲ್ಲಿದೆ, ಸಿಂಧೂ ನದಿಯ ದಡದಲ್ಲಿ ಹಳೆಯ ಬೌದ್ಧ ಗುಡಿ ಇದೆ, ಗೋಡೆ ಚಿತ್ರಗಳು ಚೆನ್ನಾಗಿವೆ. ಆಮೇಲೆ ಚುಮಾಥಾಂಗ್‌ನಲ್ಲಿ ಒಂದು ರಾತ್ರಿ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಅದಾದ ಮೇಲೆ ಹಾನ್ಲೆ. ಲೇಹ್‌ನಿಂದ ಹಾನ್ಲೆ 250 ಕಿಲೋಮೀಟರ್‌ಗೆ ಸ್ವಲ್ಪ ಮೇಲೆ. ಒಂದೇ ದಿನದಲ್ಲಿ ಹೋಗಬಹುದು, ಆದರೆ ನೀವು ಹೋಗಬೇಡಿ. ಖರ್ದುಂಗ್ ಲಾ ಘಾಟಿ, ಪ್ಯಾಂಗಾಂಗ್ ಸರೋವರ ಅಂತ ಡ್ರೈವರ್ ಆಸೆ ತೋರಿಸ್ತಾನೆ. ಖರ್ದುಂಗ್ ಲಾ 5,359 ಮೀಟರ್. ಈ ಸಲ ಅದನ್ನು ಬಿಡಿ.

ಹಾನ್ಲೆ ಚೀನಾ ಗಡಿ ಹತ್ತಿರದ ಜಾಗ. ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಪರಿಸರ ಶುಲ್ಕ ಕಟ್ಟಿ, ರಸೀದಿಯ ಮೂರ್ನಾಲ್ಕು ಪ್ರತಿ ಕಾಗದದಲ್ಲೇ ಇಟ್ಟುಕೊಳ್ಳಿ. ಆಧಾರ್ ಜೊತೆಗಿರಲಿ. ಫೋನ್‌ನಲ್ಲಿದೆ ಅಂದರೆ ಅಲ್ಲಿ ನೆಟ್‌ವರ್ಕ್ ಇರಬೇಕಲ್ಲ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯೋದಿಲ್ಲ. ಮೂವರಲ್ಲಿ ಒಬ್ಬರ ಸಿಮ್ ಆದರೂ ಪೋಸ್ಟ್‌ಪೇಯ್ಡ್ ಮಾಡಿಸಿ.

ಕೃಷ್ಣೆಯ ಮಗ (ಶಹಾಪುರ, ಯಾದಗಿರಿ ಜಿಲ್ಲೆ)

ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿ, ಕಲಬುರಗಿ ಎರಡರಲ್ಲೂ ನಿಲ್ಲುತ್ತದೆ, ಸೀದಾ ದಿಲ್ಲಿಗೆ ಹೋಗುತ್ತದೆ. ದಿಲ್ಲಿ ತನಕ ರೈಲು, ಆಮೇಲೆ ಲೇಹ್‌ಗೆ ವಿಮಾನ ಮಾಡಿದರೆ ದುಡ್ಡು ಉಳಿಯುತ್ತದೆ ಅಲ್ವಾ? ಇನ್ನು ಶ್ರೀನಗರದಿಂದ ಕಾರ್ಗಿಲ್ ಮೇಲೆ ರಸ್ತೆಯಲ್ಲಿ ಹೋದರೆ ನಿಧಾನವಾಗಿ ಎತ್ತರ ಏರಬಹುದು ಅಂತಾರೆ.

ಗಡಿಕಾವಲು (ಔರಾದ್, ಬೀದರ್ ಜಿಲ್ಲೆ)

ಎರಡೂ ಒಳ್ಳೆಯ ಮಾತು ತಮ್ಮಾ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700. ಕಾರ್ಗಿಲ್‌ನಲ್ಲಿ ಮಲಗಿ ಲೇಹ್‌ಗೆ ಹೋದರೆ ಮೈಗೆ ಬಹಳ ಸುಲಭ. ಆದರೆ 400 ಕಿಲೋಮೀಟರ್‌ಗೂ ಮೇಲೆ ಘಾಟಿ ರಸ್ತೆ. ವಯಸ್ಸಾದವರ ಬೆನ್ನಿಗೆ ಕಷ್ಟ. ಮನಾಲಿ ಕಡೆಯಿಂದ ಬೇಡವೇ ಬೇಡ, ಆ ದಾರಿಯಲ್ಲಿ ನಡುವೆ ಮಲಗುವ ಜಾಗಗಳಲ್ಲಿ ಕೆಲವು ಲೇಹ್‌ಗಿಂತ ಎತ್ತರದಲ್ಲಿವೆ. ದಿಲ್ಲಿ ತನಕ ರೈಲು ಸರಿ, ಆದರೆ ಅದಕ್ಕೇ ಹೋಗಲು ಬರಲು ಮೂರು ದಿನ ಹೋಗುತ್ತದೆ. ಆ ದಿನಗಳು ಇವರಿಗೆ ಮೇಲೆ ಬೇಕು.

ಶಹಾಬಾದ್ ಕಲ್ಲು (ಕಲಬುರಗಿ)

ವಾಪಸ್ ಬರುವ ಟಿಕೆಟ್ ಬಗ್ಗೆ ಯಾರೂ ಹೇಳಲಿಲ್ಲ. ಲೇಹ್ ವಿಮಾನ ರದ್ದಾಗೋದು ಅಪರೂಪ ಅಲ್ಲ. ಚಳಿಗಾಲದಲ್ಲಿ ಹಿಮ, ಮೋಡ. ಬೇಸಿಗೆಯಲ್ಲೂ ಆಗುತ್ತದೆ. 2024ರ ಜುಲೈ ಕೊನೆಯಲ್ಲಿ ಲೇಹ್‌ನಲ್ಲಿ ಬಿಸಿಲು ಏರಿ ಸುಮಾರು ವಿಮಾನಗಳು ರದ್ದಾದವು. ಆ ಎತ್ತರದಲ್ಲಿ ಗಾಳಿ ಮೊದಲೇ ತೆಳು, ಕಾದರೆ ಇನ್ನೂ ತೆಳುವಾಗುತ್ತದೆ. ರೆಕ್ಕೆ ಎತ್ತಲು ಗಾಳಿಯೇ ಸಾಲದು, ತುಂಬಿದ ವಿಮಾನಕ್ಕೆ ರನ್‌ವೇ ಸಾಲದು. 2025ರ ಮೇನಲ್ಲಿ ಗಡಿಯಲ್ಲಿ ಸಂಘರ್ಷ ನಡೆದಾಗ ಉತ್ತರದ, ಪಶ್ಚಿಮದ 32 ನಿಲ್ದಾಣ ಮುಚ್ಚಿದ್ದರು, ಅದರಲ್ಲಿ ಲೇಹ್ ಕೂಡ ಇತ್ತು.

ಹವಾಮಾನದಿಂದ ರದ್ದಾದರೆ ಕಂಪನಿ ಬೇರೆ ವಿಮಾನ ಕೊಡಬೇಕು, ಇಲ್ಲ ಟಿಕೆಟ್ ದುಡ್ಡು ವಾಪಸ್ ಕೊಡಬೇಕು. ಅದರ ಮೇಲೆ ಪರಿಹಾರ ಅಂತ ಸಿಗೋದಿಲ್ಲ. ಹಾಗಾಗಿ ಲೇಹ್‌ನಿಂದ ಬರುವ ದಿನಕ್ಕೂ ನೀವು ಆಫೀಸಿಗೆ ಹೋಗಬೇಕಾದ ದಿನಕ್ಕೂ ನಡುವೆ ಎರಡು ದಿನ ಖಾಲಿ ಬಿಡಿ. ದಿಲ್ಲಿಯಿಂದ ಹೈದರಾಬಾದ್ ಟಿಕೆಟ್ ಮರುದಿನಕ್ಕೆ ಮಾಡಿ, ದಿನ ಬದಲಿಸಲು ಆಗುವಂಥದ್ದನ್ನೇ ತಗೊಳ್ಳಿ. ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ತೊಗರಿನಾಡು (ಕಲಬುರಗಿ), ಜೂನ್

ಡಾಕ್ಟರ್ ನೋಡಿದರು. ಒಂದು ಬಿಪಿ ಮಾತ್ರೆ ಬದಲಿಸಿ, ಒಂದು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ. ನೋಡಿ ಒಪ್ಪಿದ ಮೇಲೆಯೇ ಟಿಕೆಟ್ ಮಾಡ್ತೀನಿ.

ಇನ್ನೊಂದು ಕೇಳಬೇಕು. ಅವ್ವನ ಆಧಾರ್‌ನಲ್ಲಿ ಬರೀ ಅವಳ ಹೆಸರು ಒಂದೇ ಇದೆ, ಅಡ್ಡಹೆಸರು ಇಲ್ಲ. ಟಿಕೆಟ್‌ನಲ್ಲಿ ಎರಡನೇ ಹೆಸರು ಕೇಳುತ್ತದೆ. ಮತ್ತೆ ಅವ್ವ ಈಗಲೇ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಅಂತ ಪಟ್ಟಿ ಮಾಡ್ತಾ ಇದ್ದಾಳೆ. ವಿಮಾನದಲ್ಲಿ ಬಿಡ್ತಾರಾ?

ಬಿದರಿ (ಬೀದರ್)

ಹೆಸರಿಗೆ: ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿಯೇ ತುಂಬಿಸಿ. ನನ್ನ ಅತ್ತೆಗೆ ಎರಡೂ ಕಡೆ ಅದೇ ಹೆಸರು ಹಾಕಿ ಅಂದಿದ್ದರು. ಅಪ್ಪನ ಹೆಸರು, ಊರ ಹೆಸರು ಅಂತ ನೀವೇ ಏನೂ ಸೇರಿಸಬೇಡಿ. ಆಧಾರ್‌ನಲ್ಲಿ ಇದ್ದಂತೆ, ಅಕ್ಷರ ಅಕ್ಷರ.

ಊಟಕ್ಕೆ: ಖಡಕ್ ರೊಟ್ಟಿ ಧಾರಾಳವಾಗಿ ಒಯ್ಯಿರಿ, ಕೈಬ್ಯಾಗಿನಲ್ಲೇ. ಸ್ಟೀಲ್ ಡಬ್ಬಿಯಲ್ಲಿ ಅಡ್ಡಡ್ಡ ಇಟ್ಟು, ಕೆಳಗೆ ಮೇಲೆ ಟವೆಲ್ ಹಾಕಿದರೆ ಮುರಿಯೋದಿಲ್ಲ. ಹಿಂಡಿಯಲ್ಲಿ ಖಾರದ ಪುಡಿ ಇರುತ್ತದೆ, ಉಪ್ಪಿನಕಾಯಿಯಲ್ಲಿ ಎಣ್ಣೆ. ಇವೆರಡೂ ಕೌಂಟರ್‌ನಲ್ಲಿ ಕೊಡುವ ದೊಡ್ಡ ಬ್ಯಾಗಿನಲ್ಲಿ ಇರಲಿ. ಪವರ್ ಬ್ಯಾಂಕ್ ಮಾತ್ರ ಕೈಬ್ಯಾಗಿನಲ್ಲೇ ಇರಬೇಕು. ಗಾಳಿ ಬಿಗಿದ ಪ್ಯಾಕೆಟ್‌ಗಳು ಲೇಹ್‌ನಲ್ಲಿ ದಿಂಬಿನ ಹಾಗೆ ಉಬ್ಬುತ್ತವೆ. ಅಪ್ಪನವರಿಗೆ ತೋರಿಸಿ, ಅವರು ಮೆಚ್ಚುತ್ತಾರೆ. ಉಪ್ಪಿನಕಾಯಿ ಬಾಟಲಿಗೂ ಅದೇ ಆಗುತ್ತದೆ, ಎರಡು ಕವರ್ ಸುತ್ತಿ.

ಅಪ್ಪನವರಿಗೆ ಕಿಟಕಿ ಸೀಟು, ಎಡಗಡೆ. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಸೂರ್ಯ ಬಲಕ್ಕಿರುತ್ತದೆ, ಎಡಗಡೆ ಕಣ್ಣಿಗೆ ಹೊಡೆಯೋದಿಲ್ಲ. ಅವ್ವನವರಿಗೆ ಮಂಡಿನೋವು ಇದ್ದರೆ ಗಾಲಿಕುರ್ಚಿ ಬೇಕು ಅಂತ 48 ಗಂಟೆ ಮುಂಚೆಯೇ ತಿಳಿಸಿಡಿ. ದಿಲ್ಲಿಯಲ್ಲಿ ನಡೆಯೋದು ಬಹಳ.

ತೊಗರಿನಾಡು (ಕಲಬುರಗಿ), ಸೆಪ್ಟೆಂಬರ್

ಹೋಗಿ ಬಂದೆವು. ಎಲ್ಲರಿಗೂ ಮೊದಲು ಕೈ ಮುಗಿದು ಹೇಳ್ತೀನಿ, ನಿಮ್ಮ ಮಾತು ಕೇಳದಿದ್ದರೆ ಏನಾಗ್ತಿತ್ತೋ.

ಲೇಹ್‌ನಲ್ಲಿ ಇಳಿದ ದಿನ ಅಪ್ಪ ಹುಡುಗರ ಹಾಗೆ ಓಡಾಡ್ತಾ ಇದ್ದರು. ಊರು ನೋಡೋಣ ನಡಿ ಅಂದರು. ನಾನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ತಲೆನೋವು, ಚಹಾ ಕೂಡ ಬೇಡ ಅಂದರು. ಆ ದಿನ ಪೂರ್ತಿ ಮಲಗಿದರು. ಮೂರನೇ ದಿನವೂ ಪೂರ್ತಿ ಸರಿ ಇರಲಿಲ್ಲ. ಭೀಮಾತೀರ ಅಕ್ಕನ ಮಾತು ನೆನಪಾಗಿ ಆಸ್ಪತ್ರೆಗೆ ಹೋಗಿ ತೋರಿಸಿದೆವು. ಗಾಬರಿ ಇಲ್ಲ, ಇನ್ನೊಂದು ರಾತ್ರಿ ಇಲ್ಲೇ ಇರಿ ಅಂದರು. ಆಲ್ಚಿ ಬಿಟ್ಟು ಲೇಹ್‌ನಲ್ಲಿ ನಾಲ್ಕು ರಾತ್ರಿ ಉಳಿದೆವು. ನಾಲ್ಕನೇ ದಿನ ಮಧ್ಯಾಹ್ನ ಅವರಾಗೇ ರೊಟ್ಟಿ ಕೇಳಿದಾಗ ಅವ್ವನ ಮುಖ ನೋಡಬೇಕಿತ್ತು.

ಹಾನ್ಲೆಗೆ ಅಮಾವಾಸ್ಯೆಯ ಹಿಂದಿನ ದಿನ ತಲುಪಿದೆವು. ಊರಿನವರ ಮನೆಯಲ್ಲೇ ಇದ್ದೆವು. ಅದು ಕತ್ತಲೆ ಆಕಾಶ ಕಾಪಾಡುವ ಪ್ರದೇಶ, 2022ರಲ್ಲಿ ಹಾಗೆ ಘೋಷಿಸಿದ್ದಾರೆ. ರಾತ್ರಿ ಕಿಟಕಿಗೆಲ್ಲ ದಪ್ಪ ಪರದೆ. ಹೊರಗೆ ಟಾರ್ಚ್ ಹಾಕೋ ಹಾಗಿಲ್ಲ. ಅದೇ ಊರಿನ ಒಬ್ಬ ಹೆಣ್ಣುಮಗಳು ದೂರದರ್ಶಕ ಇಟ್ಟು ಶನಿ ಗ್ರಹ ತೋರಿಸಿದಳು. ಅಪ್ಪ ಅವಳಿಗೆ ಪಾಠ ಹೇಳಲು ಹೋಗಲಿಲ್ಲ, ಸುಮ್ಮನೆ ಕೇಳಿಸಿಕೊಂಡರು.

ಆಮೇಲೆ ಅವ್ವ ಧ್ರುವ ನಕ್ಷತ್ರ ಎಲ್ಲಿ ಅಂತ ಕೇಳಿದಳು. ನಮ್ಮ ಮಾಳಿಗೆ ಮೇಲೆ ನಿಂತು ಅಪ್ಪ ನಮಗೆ ತೋರಿಸ್ತಿದ್ದ ರೀತಿಯಲ್ಲೇ, ಕೈ ಉದ್ದಕ್ಕೆ ಚಾಚಿ, ಮುಷ್ಟಿ ಕಟ್ಟಿ, ನೆಲದ ಅಂಚಿನಿಂದ ಎಣಿಸಿದರು. ಒಂದು ಮುಷ್ಟಿ ಅಂದರೆ ಸುಮಾರು ಹತ್ತು ಡಿಗ್ರಿ. ಕಲಬುರಗಿ 17 ಡಿಗ್ರಿ ಅಕ್ಷಾಂಶದಲ್ಲಿದೆ, ಅಲ್ಲಿ ಎರಡು ಮುಷ್ಟಿ ತುಂಬುವುದಿಲ್ಲ. ಇಲ್ಲಿ ಒಂದು, ಎರಡು, ಮೂರು, ಅದರ ಮೇಲೂ ಸ್ವಲ್ಪ. ಸ್ವೆಟರ್, ಶಾಲು, ಕೈಗವಸು ಎಲ್ಲ ಹಾಕಿಕೊಂಡಿದ್ದ ಅವ್ವ ತಾನೂ ಎಣಿಸಿದಳು. ಅವಳಿಗೂ ಮೂರರ ಮೇಲೆ ಬಂತು. "ಅಂದರೆ ನಾವು ಇಷ್ಟು ಮೇಲೆ ಬಂದೀವಿ?" ಅಂದಳು. "ಹೂಂ, ಇಷ್ಟು ಉತ್ತರಕ್ಕೆ ಬಂದೀವಿ" ಅಂದರು ಅಪ್ಪ. ಕೈ ಇಳಿಸಲೇ ಇಲ್ಲ, ಬಹಳ ಹೊತ್ತು.

ವಾಪಸ್ ಬರುವಾಗ ಲೇಹ್ ವಿಮಾನ ಒಂದು ದಿನ ರದ್ದಾಯಿತು. ಮೋಡ. ಕಲ್ಲು ಅಣ್ಣ, ನೀವು ಬಿಡಿಸಿದ ಖಾಲಿ ದಿನ ಅದಕ್ಕೇ ಹೋಯಿತು. ಡಬ್ಬಿಯಲ್ಲಿ ಇನ್ನೂ ಎಂಟು ರೊಟ್ಟಿ ಇದ್ದವು. ರೂಮಿನ ಯಜಮಾನಿಗೆ ಅವ್ವ ನಾಲ್ಕು ಕೊಟ್ಟಳು, ಅವರು ಒಣಗಿಸಿದ ಜರ್ದಾಳು ಒಂದು ಪೊಟ್ಟಣ ಕೊಟ್ಟರು. ಅದನ್ನು ಈಗ ತಿನ್ನುತ್ತಲೇ ಬರೀತಾ ಇದ್ದೇನೆ.